ಖಾಲಿ ಹುದ್ದೆಯವರ ಸನ್ನಿಧಾನಕ್ಕೆ

ಇವರಿಗೆ,
ಶ್ರೀ/ಶ್ರೀಮತಿ ಖಾಲಿ ಹುದ್ದೆಯವರು,
ಶುಶ್ರೂಷಾಧಿಕಾರಿ (ಮಂಜೂರಾಗಿದೆ, ಭರ್ತಿಯಾಗಿಲ್ಲ),
ಯಾವುದೇ ಆಸ್ಪತ್ರೆ, ಯಾವುದೇ ವಾರ್ಡು.

ಇವರಿಂದ,
ಪೇಷೆಂಟ್ ಕಡೆಯವನು,
ಮಂಡಕಳ್ಳಿ, ಮೈಸೂರು.

ವಿಷಯ: ತಮ್ಮ ಅವಿರತ ಸೇವೆಯನ್ನು ಶ್ಲಾಘಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ಆಷಾಢದಲ್ಲಿ ನಮ್ಮ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆ ನೆಪದಲ್ಲಿ ಹನ್ನೊಂದು ರಾತ್ರಿ ಒಂದು ಆಸ್ಪತ್ರೆಯ ವಾರ್ಡಿನಲ್ಲಿ, ಅವಳ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗುವ ಯೋಗ ನನಗೆ ಒದಗಿತು. ಆಸ್ಪತ್ರೆ ಯಾವುದು ಎಂದು ಕೇಳಬೇಡಿ. ತಾವು ಇಲ್ಲದ ಆಸ್ಪತ್ರೆ ಯಾವುದಿದೆ?

ಮೊದಲ ದಿನವೇ ತಮ್ಮ ಹೆಸರು ಕಿವಿಗೆ ಬಿತ್ತು. ನಲವತ್ತು ಹಾಸಿಗೆಗೆ ರಾತ್ರಿ ಇಬ್ಬರೇ ಸಿಸ್ಟರ್ ಯಾಕೆ ಎಂದು ಕಚೇರಿಯಲ್ಲಿ ಕೂತಿದ್ದವರನ್ನು ಕೇಳಿದೆ. ಅವರು ತಲೆ ಎತ್ತದೆ, "ಹುದ್ದೆ ಖಾಲಿ ಇದೆ" ಎಂದರು. ಇಲ್ಲ ಎನ್ನಲಿಲ್ಲ, ಗಮನಿಸಿ. ಇದೆ ಎಂದರು. ನಮ್ಮ ಕಡೆ ಬಾವಿ ಬತ್ತಿದ ಮೇಲೂ "ಬಾವಿ ಅದೆ, ನೀರಿಲ್ಲ ಅಷ್ಟೇಯ" ಅನ್ನುತ್ತಾರಲ್ಲ, ಅದೇ ಧಾಟಿ. ನಾನು ಬಂಡೀಪಾಳ್ಯದ ಎಪಿಎಂಸಿಯಲ್ಲಿ ಒಂದು ಮಂಡಿಯ ಈರುಳ್ಳಿ ಮೂಟೆ ಲೆಕ್ಕ ಬರೆಯುವವನು. ಇಲ್ಲದ ಮೂಟೆಯನ್ನು ಇದೆ ಎಂದು ಬರೆದರೆ ಸಂಜೆಯೊಳಗೆ ನನ್ನ ಹುದ್ದೆಯೂ ಖಾಲಿಯಾಗುತ್ತದೆ. ಹಾಗಾಗಿ ತಮ್ಮ ಮೇಲೆ ನನಗೆ ಮೊದಲು ಹುಟ್ಟಿದ್ದು ಅಸೂಯೆ. ಭಕ್ತಿ ಬಂದದ್ದು ಆಮೇಲೆ.

ತಮ್ಮಂಥ ನೌಕರರು ಎಲ್ಲಿ ಸಿಗುತ್ತಾರೆ? ರಜೆ ಕೇಳುವುದಿಲ್ಲ, ಬಸುರಿ ಬಾಣಂತನವಿಲ್ಲ, ವರ್ಗಾವಣೆಗೆಂದು ಶಾಸಕರ ಮನೆ ಬಾಗಿಲು ಕಾಯುವುದಿಲ್ಲ. ಏಳನೇ ವೇತನ ಆಯೋಗ ಬಂದರೂ ತಮ್ಮಿಂದ ಬೊಕ್ಕಸಕ್ಕೆ ನಯಾಪೈಸೆ ಹೊರೆಯಿಲ್ಲ. ರೋಗಿ ತೀರಿಕೊಂಡಾಗ ಕಡೆಯವರು ಮೇಜು ಕುಟ್ಟಿ ಬೈಯುವುದು ಎದುರಿಗೆ ನಿಂತ ಸಿಸ್ಟರನ್ನೇ ಹೊರತು ತಮ್ಮನ್ನಲ್ಲ. ಆಸ್ಪತ್ರೆ ಸಿಬ್ಬಂದಿಯ ಮೇಲೆ ಕೈ ಮಾಡುವುದರ ವಿರುದ್ಧ 2009ರಲ್ಲೇ ಕರ್ನಾಟಕ ಕಾಯ್ದೆ ಮಾಡಿದೆ, ಫಲಕವೂ ಗೋಡೆಯ ಮೇಲಿದೆ. ಆದರೂ ಆ ಕಾಯ್ದೆಯ ಸಂಪೂರ್ಣ ರಕ್ಷಣೆ ಸಿಕ್ಕಿರುವುದು ತಮಗೊಬ್ಬರಿಗೆ.

ಬಡ್ತಿಯ ವಿಚಾರವಂತೂ ಕೇಳುವುದೇ ಬೇಡ. ಹಿಂದೆ ತಮ್ಮನ್ನು ಸ್ಟಾಫ್ ನರ್ಸ್ ಎನ್ನುತ್ತಿದ್ದರು. ಸರ್ಕಾರ ಪದನಾಮ ಬದಲಿಸಿ ಶುಶ್ರೂಷಾಧಿಕಾರಿ ಎಂದು ಕರೆಯಿತು. ಇರುವ ಸಿಸ್ಟರುಗಳು ಆ ಹೆಸರಿಗೆ ನೂರಕ್ಕೆ ನೂರು ಅರ್ಹರು, ತಕರಾರಿಲ್ಲ. ಡ್ಯೂಟಿಗೇ ಬಾರದ ಅಧಿಕಾರಿ ಈ ರಾಜ್ಯದಲ್ಲಿ ತಾವೊಬ್ಬರೇ ಎಂದೂ ಹೇಳಲಾರೆ. ಬಾರದಿದ್ದಕ್ಕೆ ಸಂಬಳವನ್ನೂ ಬಿಟ್ಟುಕೊಟ್ಟವರು ಮಾತ್ರ ತಾವೊಬ್ಬರೇ.

ಈಗ ಲೆಕ್ಕಕ್ಕೆ ಬರುತ್ತೇನೆ, ಅಭ್ಯಾಸಬಲ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ಹಾಸಿಗೆಗೆ ಒಬ್ಬ ನರ್ಸ್ ಇರಬೇಕು, ಉಳಿದ ಆಸ್ಪತ್ರೆಗಳಲ್ಲಿ 5ಕ್ಕೆ ಒಬ್ಬರು. ರಜೆ ಹೋದವರ ಬದಲಿಗೆಂದು ಮೇಲೆ ಶೇ 30 ಮಂದಿ. ಮೊದಲನೇ ಲೆಕ್ಕ ಹಿಡಿದರೆ 40 ಹಾಸಿಗೆಗೆ 13, ಬದಲಿಯವರು ಸೇರಿ 17. ಎಷ್ಟೇ ಜಿಪುಣತನದಿಂದ ಮೂರು ಪಾಳಿಗೆ ಹಂಚಿದರೂ ರಾತ್ರಿಗೆ ನಾಲ್ವರು. ಇದ್ದವರು ಇಬ್ಬರು. ಅಂದರೆ ಆ ವಾರ್ಡಿನಲ್ಲಿ ಪ್ರತಿ ರಾತ್ರಿ ಇದ್ದವರಷ್ಟೇ ಸಂಖ್ಯೆಯಲ್ಲಿ ತಾವೂ ಇದ್ದಿರಿ. ನೆಲದ ಮೇಲೆ ಗಾದಿ ಹಾಸಿಸಿಕೊಂಡ ರೋಗಿಗಳನ್ನು ನಾನು ಎಣಿಸಿಲ್ಲ. ಅವರಿಗೆ ಹಾಸಿಗೆಯ ನಂಬರೇ ಇಲ್ಲವಾದ್ದರಿಂದ ಲೆಕ್ಕದ ಪ್ರಕಾರ ಅವರು ಆರೋಗ್ಯವಂತರು.

ರಾತ್ರಿ ಪಾಳಿ 8ರಿಂದ ಬೆಳಿಗ್ಗೆ 8ರವರೆಗೆ, 720 ನಿಮಿಷ. ಒಬ್ಬ ಸಿಸ್ಟರ್‌ಗೆ 20 ರೋಗಿ, ತಲೆಗೆ 36 ನಿಮಿಷ. ಬಿಪಿ, ನಾಡಿ, ಜ್ವರ ನೋಡುವುದು ಅದರಲ್ಲೇ ಆಗಬೇಕು. ಹತ್ತು ಗಂಟೆಯ ಇಂಜೆಕ್ಷನ್ನು, ಎರಡು ಗಂಟೆಯ ಇಂಜೆಕ್ಷನ್ನು, ವೆನ್‌ಫ್ಲಾನ್ ಹಾಕಿದ ಕೈ ಊದಿದರೆ ಇನ್ನೊಂದು ಕೈಯಲ್ಲಿ ನರ ಹುಡುಕುವುದು, ಮೂತ್ರದ ಚೀಲ ಅಳೆಯುವುದು, ಡ್ಯೂಟಿ ಡಾಕ್ಟರಿಗೆ ಫೋನು, ಯಾರಾದರೂ ತೀರಿಕೊಂಡರೆ ದೇಹ ಒರೆಸಿ ಕಟ್ಟುವುದು, ಆಮೇಲೆ ರಿಜಿಸ್ಟರು. ರಿಜಿಸ್ಟರು ಎಷ್ಟಿವೆ ಎಂದು ಎಣಿಸಹೋದೆ, ಏಳಕ್ಕೆ ಸುಸ್ತಾಗಿ ಬಿಟ್ಟೆ. ಸಿಸ್ಟರ್ ನೀರು ಕುಡಿಯುವ ನಿಮಿಷ ಈ 36ರಲ್ಲಿಲ್ಲ. ಅವರು ನೀರು ಕುಡಿಯುವುದಿಲ್ಲ, ಕುಡಿದರೆ ಇನ್ನೊಂದು ಕಡೆಗೂ ಹೋಗಬೇಕಾಗುತ್ತದಲ್ಲ.

ಸರ್ಕಾರಿ ಪದ್ಧತಿಯಲ್ಲಿ ಹುದ್ದೆ ಖಾಲಿ ಇದ್ದರೆ ಪ್ರಭಾರ ಯಾರಿಗಾದರೂ ವಹಿಸಬೇಕು. ತಮ್ಮ ಪ್ರಭಾರ ನನಗೆ ಬಂತು. "ಹದಿನೇಳನೇ ಬೆಡ್ ಪೇಷೆಂಟ್ ಕಡೆಯವರು ಯಾರ್ರೀ?" ಎಂಬ ಕೂಗೇ ನೇಮಕಾತಿ ಆದೇಶ. ತರಬೇತಿ ಕೊಟ್ಟವರು ಪಕ್ಕದ ಹಾಸಿಗೆಗೆ ಕಾವಲಿದ್ದ ನಂಜನಗೂಡು ಕಡೆಯ ಅಜ್ಜಿ. ಅವರಿಗೆ ಮೂರು ವಾರದ ಅನುಭವ, ವಾರ್ಡಿಗೇ ಸೀನಿಯರು. ಮೊದಲ ರಾತ್ರಿ ಅವ್ವನ ಗ್ಲೂಕೋಸ್ ಬಾಟ್ಲು ಮುಗಿದು ರಕ್ತ ಪೈಪಿಗೆ ಏರತೊಡಗಿತು. "ಚಕ್ರ ತಿರುಗ್ಸಪ್ಪಾ" ಎಂದರು ಅಜ್ಜಿ. ತಿರುಗಿಸಿದೆ. "ಅಯ್ಯೋ ನಿನ್ ಕೈ ಸೇದೋಗ, ಆ ಕಡೀಕಲ್ಲ!" ಹೀಗೆ ನನ್ನ ಪ್ರೊಬೇಷನ್ ಶುರುವಾಯಿತು.

"ಸಿಸ್ಟರ್, ಬಾಟ್ಲು ಮುಗೀತು" ಎಂಬುದು ಆ ವಾರ್ಡಿನ ಸುಪ್ರಭಾತ, ಅದೇ ಮಂಗಳಾರತಿ. ನಾವು ಕಡೆಯವರೆಲ್ಲ ಸೇರಿ ತಮ್ಮ ಕೆಲಸವನ್ನು ಹಂಚಿಕೊಂಡಿದ್ದೆವು. ಒಬ್ಬ ಬಾಟ್ಲು ಕಾಯುವುದು, ಒಬ್ಬ ಲ್ಯಾಬಿಗೆ ರಕ್ತದ ಟ್ಯೂಬು ಒಯ್ಯುವುದು, ಇನ್ನೊಬ್ಬ ಸ್ಟ್ರೆಚರ್ ತಳ್ಳುವುದು. ಎದುರಿನ ಹಾಸಿಗೆಯ ಹುಡುಗ ಅವನ ತಂದೆಗೆ ಮೂಗಿನ ನಳಿಗೆಯಲ್ಲಿ ಗಂಜಿ ಹುಯ್ಯುತ್ತಿದ್ದ. ಒಂದು ದಿನ ಮಲಗಿಸಿಕೊಂಡೇ ಹುಯ್ದ. ಆ ಮುದುಕರು ಕೆಮ್ಮಿದ ಸದ್ದಿಗೆ ಸಿಸ್ಟರ್ ಆ ತುದಿಯಿಂದ ಓಡಿ ಬಂದು, ನಳಿಗೆ ಮಡಚಿ ಹಿಡಿದು, ಅವರನ್ನು ಎತ್ತಿ ಕೂರಿಸಿದರು. ಅಷ್ಟರಲ್ಲಿ ಆ ತುದಿಯಲ್ಲಿ ಬಾಟ್ಲು ಮುಗಿದಿತ್ತು. ಅಲ್ಲಿಯವರು ಬೈದರು. ಹುಡುಗನಿಗೆ ತಿಳಿಯದಿದ್ದದ್ದು ತಪ್ಪಲ್ಲ, ಅವನು ಗಾರೆ ಕೆಲಸದವನು. ಗಂಜಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ ಎಂದು ಕಲಿತವರು ಆ ಮಂಚದ ಪಕ್ಕ ನಿಲ್ಲಬೇಕಿತ್ತು. ಅದು ತಮ್ಮ ಜಾಗ.

ಅವ್ವನ ವಿಷಯಕ್ಕೆ ಬರುತ್ತೇನೆ. ದಾಖಲಾದ ದಿನವೇ ಸಿಸ್ಟರ್ ನನ್ನನ್ನು ಕರೆದು, "ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಒಬ್ಬರೇ ಮಾಡಬೇಡಿ, ಸೊಂಟಕ್ಕೆ ಪೆಟ್ಟಾಗುತ್ತೆ, ನನ್ನನ್ನ ಕರೀರಿ" ಎಂದರು. ಆ ಮಾತಿನಲ್ಲಿ ಒಂದಕ್ಷರ ತಪ್ಪಿಲ್ಲ. ಮೊದಲ ರಾತ್ರಿ ಹತ್ತಕ್ಕೆ ಅವರೇ ಬಂದು ತಿರುಗಿಸಿ, ಕಾಲುಗಳ ನಡುವೆ ದಿಂಬು ಇಟ್ಟು ತೋರಿಸಿದರು. ಹನ್ನೆರಡಕ್ಕೆ ಕರೆಯಹೋದೆ. ಆರನೇ ಹಾಸಿಗೆಯವರ ಉಸಿರು ಕೆಟ್ಟಿತ್ತು, ಇಬ್ಬರೂ ಅಲ್ಲಿದ್ದರು. ಎರಡಕ್ಕೆ ಹೋದೆ. ಆರನೇ ಹಾಸಿಗೆಯವರು ತೀರಿಕೊಂಡಿದ್ದರು, ಇಬ್ಬರೂ ಅಲ್ಲೇ ಇದ್ದರು. ನಾಲ್ಕಕ್ಕೆ ಹೋದಾಗ ಸಿಸ್ಟರ್ ಮೇಜಿನ ಹಿಂದೆ ನಿಂತುಕೊಂಡೇ ಡಬ್ಬಿಯಲ್ಲಿದ್ದ ಚಿತ್ರಾನ್ನ ತಿನ್ನುತ್ತಿದ್ದರು. ನನ್ನನ್ನು ಕಂಡು ಮುಚ್ಚಳ ಮುಚ್ಚಿದರು. "ಪರವಾಗಿಲ್ಲ ಸಿಸ್ಟರ್, ಆಮೇಲೆ" ಎಂದು ಹಿಂದಿರುಗಿದೆ. ನೋಡಿ, ನಾನೂ ಎಂಥ ಪ್ರಭಾರಿ!

ಐದನೇ ದಿನ ಬೆನ್ನ ಬುಡದಲ್ಲಿ ಕೆಂಪು ಮಚ್ಚೆ. ಏಳನೇ ದಿನ ಅದು ಬಾಯಿ ಬಿಟ್ಟಿತು. ಒಂದು ರೂಪಾಯಿ ನಾಣ್ಯದಷ್ಟಿದ್ದದ್ದು ಮನೆಗೆ ಬರುವ ಹೊತ್ತಿಗೆ ಅಂಗೈ ಅಗಲ. ಕೇಸ್‌ಶೀಟಿನಲ್ಲಿ ಅದಕ್ಕೆ ಹಾಸಿಗೆ ಹುಣ್ಣು ಎಂದು ಬರೆದಿದ್ದಾರೆ. ಪಾಪ, ಹಾಸಿಗೆ ಏನು ಮಾಡೀತು? ಅದಕ್ಕೆ ತಮ್ಮ ಹೆಸರಿಡಬೇಕಿತ್ತು. ಖಾಲಿ ಹುದ್ದೆಯಲ್ಲಿ ಕೆಲಸ ನಿಂತಿರುತ್ತದೆ ಎಂದು ಜನ ತಿಳಿದಿದ್ದಾರೆ. ನಿಲ್ಲುವುದಿಲ್ಲ. ಸಿಸ್ಟರ ಕಾಲಿಗೆ ಇಳಿಯುತ್ತದೆ, ಅಲ್ಲಿಂದ ನಮ್ಮ ಕೈಗೆ, ಅಲ್ಲಿಂದ ಮಲಗಿದವರ ಬೆನ್ನಿಗೆ. ಬೆನ್ನಿನಿಂದಾಚೆಗೆ ಇಳಿಯಲು ಜಾಗವಿಲ್ಲ.

ದೂರದ ದೇಶಗಳಲ್ಲಿ ತಮ್ಮ ಮಹಿಮೆಯನ್ನು ಅಳೆದವರಿದ್ದಾರೆ. ಲಿಂಡಾ ಐಕೆನ್ ಎಂಬ ಸಂಶೋಧಕಿ ಮತ್ತು ಅವರ ತಂಡ ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದವರ ಲೆಕ್ಕ ತೆಗೆದು 2002ರಲ್ಲಿ ಪ್ರಕಟಿಸಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತದಂತೆ. ಆದರೆ ಅವರು ಹೋಲಿಸಿದ್ದು ನಾಲ್ಕು ರೋಗಿಯಿಂದ ಎಂಟು ರೋಗಿಯವರೆಗೆ. ಇಪ್ಪತ್ತು ರೋಗಿಯ ಕಾಲಂ ಅವರ ಕೋಷ್ಟಕದಲ್ಲಿಲ್ಲ. ಅವರ ಕಲ್ಪನಾಶಕ್ತಿ ಅಷ್ಟು ದೂರ ಹೋಗಿರಲಿಕ್ಕಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಂತೂ ಒಬ್ಬ ನರ್ಸಿಗೆ ಇಂತಿಷ್ಟೇ ರೋಗಿ ಎಂದು 2004ರಿಂದ ಕಾನೂನೇ ನಡೆಯುತ್ತಿದೆ. ತಮಗೆ ಅಲ್ಲಿ ನೆಲೆ ಕಷ್ಟ. ಇಲ್ಲೇ ಇರಿ.

ಖಾಸಗಿಯಲ್ಲಿ ತಮ್ಮ ಸುದ್ದಿಯೇ ಇಲ್ಲ ಎಂದುಕೊಂಡಿದ್ದೆ. ಅಲ್ಲಿ ತಮಗೆ ಮಂಜೂರಾತಿಯ ಹಂಗೂ ಇಲ್ಲ ಎಂದು ಆಮೇಲೆ ತಿಳಿಯಿತು. ಖಾಸಗಿ ನರ್ಸುಗಳ ಸಂಬಳ ಸುಧಾರಿಸಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟು ಸಮಿತಿ ಮಾಡಿಸಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು, 200 ಹಾಸಿಗೆ ದಾಟಿದರೆ ಸರ್ಕಾರಿ ಸಂಬಳದಷ್ಟೇ ಕೊಡಬೇಕು ಎಂದು ಆ ಸಮಿತಿ ಹೇಳಿತು. ಈ ಮಾತನ್ನು ನಮ್ಮ ಬೀದಿಯ ಹುಡುಗಿಗೆ ಹೇಳಿದೆ. ಬಿಎಸ್ಸಿ ನರ್ಸಿಂಗ್ ಮುಗಿಸಿದ್ದಾಳೆ. ಆಕೆ ಜರ್ಮನ್ ಭಾಷೆಯಲ್ಲಿ ಏನೋ ಅಂದಳು, ಅರ್ಥವಾಗಲಿಲ್ಲ. ಆರು ತಿಂಗಳಿಂದ ಕ್ಲಾಸಿಗೆ ಹೋಗುತ್ತಿದ್ದಾಳಂತೆ. ಜಗತ್ತಿಗೇ 58 ಲಕ್ಷ ನರ್ಸುಗಳು ಕಡಿಮೆ ಬಿದ್ದಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2023ಕ್ಕೆ ಕೊಟ್ಟ ಲೆಕ್ಕ. ಅಲ್ಲಿಯ ಖಾಲಿ ತುಂಬಲು ಇಲ್ಲಿಂದ ಹೋಗುತ್ತಾರೆ. ಇಲ್ಲಿಯ ಖಾಲಿಗೆ ತಾವಿದ್ದೀರಿ.

ಮೇ 12 ಬಂದರೆ ಆಸ್ಪತ್ರೆಗಳಲ್ಲಿ ಮೇಣದ ಬತ್ತಿ ಹಚ್ಚಿ, ಫ್ಲಾರೆನ್ಸ್ ನೈಟಿಂಗೇಲ್ ಪಟಕ್ಕೆ ಹಾರ ಹಾಕಿ, ನರ್ಸುಗಳಿಗೆ ಗುಲಾಬಿ ಕೊಡುತ್ತಾರೆ. ಆ ತಾಯಿ ದೀಪ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಲೆಕ್ಕದ ಪುಸ್ತಕ ಹಿಡಿದಿದ್ದರು. ಯುದ್ಧಭೂಮಿಯಲ್ಲಿ ಗುಂಡೇಟಿಗಿಂತ ಹೆಚ್ಚು ಸೈನಿಕರು ಆಸ್ಪತ್ರೆಯ ಕೊಳಕಿಗೇ ಸತ್ತರೆಂದು ಚಿತ್ರ ಬರೆದು ಸರ್ಕಾರದ ಮುಖಕ್ಕೆ ಹಿಡಿದವರು. 1859ರ ಅವರ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇದೆ: ನೀವು ಇದ್ದಾಗ ನಡೆಯುವ ಕೆಲಸ ನೀವು ಇಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡುವುದು ಹೇಗೆ ಎಂಬುದರ ಬಗ್ಗೆ. ನಾವು ಅವರಿಂದ ದೀಪ ತೆಗೆದುಕೊಂಡೆವು, ಹಗುರವಾಗಿತ್ತು. ಲೆಕ್ಕದ ಪುಸ್ತಕ ಅಲ್ಲೇ ಬಿಟ್ಟೆವು.

ಲೆಕ್ಕವೇ ಬಾರದ ಊರು ನಮ್ಮದಲ್ಲ, ತಪ್ಪು ತಿಳಿಯಬೇಡಿ. ಮಂಡಕಳ್ಳಿಯ ಟೀ ಅಂಗಡಿಯಲ್ಲಿ ಯಾರನ್ನಾದರೂ ಕೇಳಿ, ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್ ಇದೆ, 2,750ಕ್ಕೆ ಹಿಗ್ಗಿಸಬೇಕು, ಅಡ್ಡಕ್ಕೆ ನಂಜನಗೂಡು ರಸ್ತೆ ಇದೆ ಎಂದು ಟೀ ಆರುವುದರೊಳಗೆ ಹೇಳುತ್ತಾರೆ. 2010ರಲ್ಲಿ ಉದ್ಘಾಟನೆಯಾದಾಗಿನಿಂದ ಆ ಕೊರತೆ ನಮಗೆಲ್ಲ ಬಾಯಿಪಾಠ. ಮಂತ್ರಿಗಳು ಬಂದಾಗಲೆಲ್ಲ ರನ್‌ವೇ ಎಷ್ಟು ಮೀಟರ್ ಕಡಿಮೆ ಎಂದು ಪತ್ರಿಕೆಯವರು ಕೇಳುತ್ತಾರೆ. ವಾರ್ಡಿನಲ್ಲಿ ಎಷ್ಟು ಸಿಸ್ಟರ್ ಕಡಿಮೆ ಎಂದು ಕೇಳಿದ್ದನ್ನು ನಾನು ಓದಿಲ್ಲ. ನಾನೂ ಕೇಳಿದವನಲ್ಲ, ಅವ್ವ ಜಾರಿ ಬೀಳುವವರೆಗೆ.

ಈಗ ಅವ್ವ ಮನೆಯಲ್ಲಿದ್ದಾಳೆ. ಹುಣ್ಣು ಒಣಗುತ್ತಿದೆ. ನನ್ನ ಫೋನಿನಲ್ಲಿ ಎರಡು ಗಂಟೆಗೊಮ್ಮೆ ಅಲಾರಂ ಹೊಡೆಯುತ್ತದೆ, ನಾನೂ ನನ್ನ ಹೆಂಡತಿಯೂ ಸೇರಿ ಮಗ್ಗುಲು ತಿರುಗಿಸುತ್ತೇವೆ. ಮೊನ್ನೆ ಸಂಜೆ ನಮ್ಮ ಹೆಂಚಿನ ಮೇಲೇ ಒಂದು ಎಟಿಆರ್ ವಿಮಾನ ಹಾದುಹೋಯಿತು. ಅವ್ವ ಸೂರು ನೋಡುತ್ತ ಕೇಳಿದಳು:

"ಅದ್ರಲ್ಲೂ ಸಿಸ್ಟರು ಇರ್ತಾರಂತಲ್ಲಾ?"

"ಗಗನಸಖಿ ಅಂತಾರೆ ಕಣವ್ವ. ಎಪ್ಪತ್ತು ಚಿಲ್ಲರೆ ಜನಕ್ಕೆ ಇಬ್ರು."

"ನಮ್ ವಾರ್ಡ್‌ನಂಗೇಯ."

"ಅದ್ರಲ್ಲಿ ಒಬ್ರು ಕಮ್ಮಿ ಆದ್ರೂ ಜನ ತುಂಬ್ಕೊಂಡು ವಿಮಾನ ಏರೋ ಹಂಗಿಲ್ಲ. ಕಾನೂನು."

ಅವ್ವ ಸ್ವಲ್ಪ ಹೊತ್ತು ಯೋಚಿಸಿದಳು.

"ಅಷ್ಟೊಂದ್ ಕಾಯ್ಲೆಯೇನಪ್ಪಾ ಅವ್ರಿಗೆ?"

"ಏನೂ ಇಲ್ಲ ಕಣವ್ವ. ಎಲ್ಲಾ ಚೆನ್ನಾಗವ್ರೆ."

"ಸರಿ ಬುಡು. ಮಗ್ಗುಲು ತಿರುಗ್ಸು, ಟೈಮಾಯ್ತು."

ಇತಿ ತಮ್ಮ ವಿಧೇಯ,
ಶುಶ್ರೂಷಾಧಿಕಾರಿ (ಪ್ರಭಾರ),
ಮಂಡಕಳ್ಳಿ.