ಮುಳುಗುವುದಕ್ಕೇ ಹಾಕಿದ ಕಲ್ಲು

ಸರಕಾರಿ ಕಾಮಗಾರಿಗಳಲ್ಲೆಲ್ಲ ಅತ್ಯಂತ ನೆಮ್ಮದಿಯದು ಕಡಲಿಗೆ ಕಲ್ಲು ಹಾಕುವ ಕಾಮಗಾರಿ. ರಸ್ತೆ ಮಾಡಿದರೆ ಹೊಂಡ ಬೀಳುತ್ತದೆ, ಹೊಂಡಕ್ಕೆ ಬಿದ್ದವರು ಬೈಯುತ್ತಾರೆ. ಸೇತುವೆ ಕಟ್ಟಿದರೆ ಬಿರುಕು ಬಿಟ್ಟು ಪೇಪರಿನಲ್ಲಿ ಫೋಟೊ ಬರುತ್ತದೆ. ಕಡಲಿಗೆ ಹಾಕಿದ ಕಲ್ಲು ಮಾತ್ರ ಬಿಲ್ ಪಾಸಾಗುವವರೆಗೆ ಮರ್ಯಾದೆಯಿಂದ ಮೇಲಿದ್ದು, ಆಮೇಲೆ ಸದ್ದಿಲ್ಲದೆ ಕೆಳಗಿಳಿಯುತ್ತದೆ. ನೂರು ಲೋಡ್ ಬಂದಿತ್ತೋ ಅರವತ್ತೋ ಎಂದು ಎಣಿಸಲು ಆಟಿಯ ಕಡಲಿಗೆ ಮುಳುಗು ಹಾಕುವ ಆಡಿಟರ್ ಇನ್ನೂ ಹುಟ್ಟಿಲ್ಲ.

ಉಳ್ಳಾಲದಿಂದ ಮರವಂತೆಯ ತನಕ ಈ ಸೇವೆ ವರ್ಷಾವಧಿ ನಡೆದುಕೊಂಡು ಬಂದಿದೆ. ಚಳಿಗಾಲ, ಬೇಸಿಗೆಯಲ್ಲಿ ಕಡಲು ಶಾಂತ, ಇಲಾಖೆಯೂ ಶಾಂತ. ಮೇ ಕೊನೆಗೆ ಮುನ್ನೆಚ್ಚರಿಕೆ ಸಭೆ, ಚಹಾ, ಹುರಿದ ಗೇರುಬೀಜ. ಜೂನಿನಲ್ಲಿ ಅಂಗಳಕ್ಕೆ ಉಪ್ಪುನೀರು. ಆಗ ‘ತುರ್ತು ಕಾಮಗಾರಿ’ ಎಂಬ ಮಂತ್ರ ಹೇಳಿದರೆ ಸಾಕು, ಟಿಪ್ಪರ್‌ಗಳು ಸಾಲುಗಟ್ಟುತ್ತವೆ. ಮೊನ್ನೆಯವರೆಗೆ ಎಲ್ಲೋ ಗುಡ್ಡವಾಗಿದ್ದದ್ದು, ಕೋರೆಯಲ್ಲಿ ಡ್ರಿಲ್ ಹೊಡೆದ ಬಿಳಿ ಗೆರೆ ಮಾಸುವ ಮೊದಲೇ ಧಡಾರನೆ ಮರಳಿಗೆ ಬೀಳುತ್ತದೆ. ಕೊಡೆ ಹಿಡಿದು ನಿಂತ ಇಂಜಿನಿಯರರನ್ನು ಪಕ್ಕದ ಮನೆಯ ಅಜ್ಜಿ ಕೇಳಿದರಂತೆ:

“ಹೋದ ವರ್ಷ ಹಾಕಿದ ಕಲ್ಲು ಎಲ್ಲಿ ಉಂಟು ಮಗಾ?”

“ಅದು ಇದರ ಅಡಿಯಲ್ಲಿ ಉಂಟಮ್ಮ.”

“ಅದಕ್ಕಿಂತ ಮೊದಲಿನದ್ದು?”

“ಅದರ ಅಡಿಯಲ್ಲಿ.”

“ಹಾಗಾದರೆ ಹೀಗೇ ಹಾಕ್ತಾ ಹೋದರೆ ಒಂದಲ್ಲ ಒಂದು ದಿನ ಮೇಲೆ ಕಾಣ್ಲಿಕ್ಕೆ ಸಿಕ್ಕೀತು ಅಲ್ವಾ?”

ಅಜ್ಜಿಗೆ ಸರಕಾರದ ಮೇಲೆ ಅಷ್ಟು ಭರವಸೆ. ನೂಲ ಹುಣ್ಣಿಮೆಗೆ ಮೊಗವೀರರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಡುತ್ತಾರೆ; ಸರಕಾರ ಬಂಡೆ ಬಿಡುತ್ತದೆ. ಫಲ ಕೊಡುವುದು ಬಿಡುವುದು ಎರಡರಲ್ಲೂ ಕಡಲಿನ ಇಷ್ಟ. ಒಂದರಲ್ಲಿ ಜಿಎಸ್‌ಟಿ ಇಲ್ಲ, ಅಷ್ಟೇ.

ಕಲ್ಲು ಯಾಕೆ ಮುಳುಗುತ್ತದೆ ಎಂಬುದು ದೊಡ್ಡ ಗುಟ್ಟೇನಲ್ಲ. ಇಳಿಜಾರು ಮರಳಿನ ಮೇಲೆ ಅಲೆ ಹತ್ತಿ ಹತ್ತಿ ಸುಸ್ತಾಗುತ್ತದೆ. ಎದುರಿಗೆ ಬಂಡೆ ಸಿಕ್ಕಿದರೆ ಬಡಿದು, ಅದೇ ರಭಸದಲ್ಲಿ ಹಿಂದಿರುಗುವಾಗ ಬಂಡೆಯ ಬುಡದ ಮರಳನ್ನು ಬಾಚಿಕೊಂಡು ಹೋಗುತ್ತದೆ. ತಾನೇ ತೋಡಿಸಿದ ಹೊಂಡಕ್ಕೆ ಬಂಡೆ ಇಳಿಯುತ್ತದೆ. ಇನ್ನು ಗೋಡೆಯ ತುದಿಯಲ್ಲಿ ಅಲೆ ತಿರುಗಿಕೊಂಡು ಪಕ್ಕದ ಜಾಗವನ್ನು ಕೆರೆಯುತ್ತದೆ. ಹಾಗಾಗಿ ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲೊಬ್ಬ ಹೊಸ ಅರ್ಜಿದಾರ ಹುಟ್ಟುತ್ತಾನೆ. ಗುತ್ತಿಗೆದಾರರ ಮಟ್ಟಿಗೆ ಇದು ತನಗೆ ತಾನೇ ಗಿರಾಕಿ ಹುಟ್ಟಿಸಿಕೊಳ್ಳುವ ಅಪರೂಪದ ವ್ಯಾಪಾರ.

ಕಡಲು ಕಳ್ಳನೂ ಅಲ್ಲ. ಮಳೆಗಾಲದಲ್ಲಿ ಎಳೆದುಕೊಂಡ ಮರಳನ್ನು ತುಸು ದೂರದಲ್ಲಿ ನೀರಿನಡಿ ದಿಬ್ಬ ಮಾಡಿಟ್ಟು, ಬೇಸಿಗೆಯ ಸಣ್ಣ ಅಲೆಗಳ ಕೈಯಲ್ಲಿ ವಾಪಸು ಕಳಿಸುತ್ತದೆ. ಇಷ್ಟು ಪ್ರಾಮಾಣಿಕ ಸಾಲಗಾರ ಬ್ಯಾಂಕುಗಳ ತವರಾದ ನಮ್ಮ ಕರಾವಳಿಗೂ ಸಿಕ್ಕಿರಲಿಕ್ಕಿಲ್ಲ. ವಾಪಸು ಕೊಡಲು ಅದರ ಹತ್ತಿರ ಮರಳು ಇರಬೇಕಷ್ಟೆ. ನದಿ ತರಬೇಕಾದ ಮರಳನ್ನು ನಾವು ಅಣೆಕಟ್ಟಿನಲ್ಲಿ ತಡೆದೆವು, ತಡೆಯದೆ ಉಳಿದದ್ದನ್ನು ಲಾರಿಗೆ ತುಂಬಿದೆವು. ದಡದುದ್ದಕ್ಕೂ ಸರಿದಾಡುವ ಮರಳಿಗೆ ನೇತ್ರಾವತಿ–ಗುರುಪುರ ನದಿಗಳ ಅಳಿವೆಬಾಗಿಲಿನಲ್ಲಿ ಕಲ್ಲಿನ ತಡೆದಂಡೆ ಅಡ್ಡ ಹಾಕಿದೆವು, ಬೋಟು ಸಲೀಸಾಗಿ ಒಳಬರಲಿ ಎಂದು. ಬೀಚ್ ಎಲ್ಲಿ ಹೋಯಿತು ಎಂದು ಹನ್ನೆರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಮರುಗುವವರು ಒಮ್ಮೆ ಹಿಂದಿರುಗಿ ತಮ್ಮ ಮನೆಯ ಗೋಡೆಯನ್ನು ಮುಟ್ಟಿ ನೋಡಬಹುದು.

ಕಲ್ಲಿನ ಮೇಲಿನ ಭಕ್ತಿ ಕಡಿಮೆಯಾದಾಗ ಸಾಲದ ಮೇಲೆ ಭಕ್ತಿ ಬಂತು. 2010ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಒಪ್ಪಿದ ಸಾಲದ ಯೋಜನೆಯಲ್ಲಿ ಉಳ್ಳಾಲಕ್ಕೆ ಕಡಲೊಳಗಿನ ಕೃತಕ ರೀಫ್, ದಡಕ್ಕೆ ಬರ್ಮ್ ಎಂಬ ಒಡ್ಡು ಎಲ್ಲ ಬಂದವು. ಕೊರೆತ ದಕ್ಷಿಣಕ್ಕೆ ಜಾಗ ಬದಲಿಸಿತು ಅನ್ನುತ್ತಾರೆ ಊರಿನವರು: ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿ. ಬಟ್ಟಪ್ಪಾಡಿಯಲ್ಲಿ ರಸ್ತೆಯೇ ಕಡಲಿಗೆ ಹೋಯಿತು. 2022ರ ಜುಲೈಯಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬಂದು ನೋಡಿ, ‘ಸೀ ವೇವ್ ಬ್ರೇಕರ್’ ಎಂಬ ಹೊಸ ತಂತ್ರಜ್ಞಾನದ ಭರವಸೆ ಕೊಟ್ಟರು. ಅದರ ಪ್ರಯೋಗ ನಡೆದಿದ್ದದ್ದು ಕಾಸರಗೋಡಿನಲ್ಲಿ. ಬಟ್ಟಪ್ಪಾಡಿಯಿಂದ ಇನ್ನೂ ದಕ್ಷಿಣಕ್ಕೆ ಹೋದರೆ ತಲಪಾಡಿ, ದಾಟಿದರೆ ಕೇರಳವೇ. ನಾವು ಅವರಿಗೆ ಕೊರೆತ ಕಳಿಸುವುದು, ಅವರು ನಮಗೆ ತಂತ್ರಜ್ಞಾನ ಕಳಿಸುವುದು! ಕಾವೇರಿಗೆ ತಮಿಳುನಾಡಿನ ಜೊತೆ ಇಷ್ಟು ಸೌಹಾರ್ದ ಇದ್ದಿದ್ದರೆ ಎಷ್ಟು ವಕೀಲರು ಉಪವಾಸ ಬೀಳುತ್ತಿದ್ದರೋ.

ದಿಲ್ಲಿಯ ದಾರಿ ಇನ್ನೂ ಚಂದ. 1990ರಿಂದ 2018ರ ತನಕದ ಉಪಗ್ರಹ ಚಿತ್ರಗಳನ್ನು ಹಿಡಿದುಕೊಂಡು ಭೂವಿಜ್ಞಾನ ಸಚಿವಾಲಯದ ಸಂಸ್ಥೆ ಅಳೆದು ಹೇಳಿತು: ದೇಶದ ಕರಾವಳಿಯಲ್ಲಿ ಶೇ. 33.6 ಭಾಗ ಕೊರೆತಕ್ಕೆ ಸಿಕ್ಕಿದೆ. ಪರಿಸರ ಸಚಿವಾಲಯ ಮಾತ್ರ ಆ ಕಾಗದಕ್ಕೆ ಕಾಯುತ್ತ ಕೂರಲಿಲ್ಲ. ಅದು 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ, ಜನ ದಟ್ಟವಾಗಿರುವ ಗ್ರಾಮೀಣ ಕರಾವಳಿಯಲ್ಲಿ ಕಟ್ಟಡ ಕಟ್ಟಬಾರದ ಪಟ್ಟಿಯನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು. ಕಡಲು ಮುಂದೆ ಬರುತ್ತಿದ್ದರೆ ನಾವೂ ಎದುರಿಗೆ ಹೋಗಿ ಸ್ವಾಗತಿಸಬೇಕಲ್ಲವೇ? ಅತಿಥಿ ಸತ್ಕಾರ ನಮ್ಮ ಸಂಸ್ಕೃತಿ. ಪ್ರವಾಸಿಗರ ತಾತ್ಕಾಲಿಕ ಶೆಡ್ಡುಗಳಾದರೆ 10 ಮೀಟರಿನ ಹತ್ತಿರಕ್ಕೂ ಹೋಗಬಹುದು. ತಾತ್ಕಾಲಿಕ ಎಂಬ ಪದದ ಆಯುಸ್ಸು ನಮ್ಮಲ್ಲಿ ಎಷ್ಟೆಂದು ಗೊತ್ತೇ ಇದೆ.

ಆ ಜಾಗ ಕೊಂಡವರು ರಿಸಾರ್ಟ್ ಕಟ್ಟುತ್ತಾರೆ. ಕಟ್ಟುವುದು ಬೀಚಿಗಾಗಿ. ಕಟ್ಟಿದ್ದನ್ನು ಉಳಿಸಲು ಬಂಡೆಯ ಗೋಡೆ. ಗೋಡೆಯ ಮುಂದಿನ ಬೀಚನ್ನು ಅಲೆ ಒಯ್ಯುತ್ತದೆ. ಕೊನೆಗೆ ಈಜುಕೊಳದ ಪಕ್ಕದಲ್ಲಿ ಹೊರಗಿನಿಂದ ತರಿಸಿದ ಮರಳು ಸುರಿದು ಎರಡು ಆರಾಮಕುರ್ಚಿ ಇಡುತ್ತಾರೆ. ಅತಿಥಿಗಳು ಅಲ್ಲೇ ಸೆಲ್ಫಿ ತೆಗೆದುಕೊಳ್ಳುತ್ತಾರೆ, ತಕರಾರಿಲ್ಲ.

ತಕರಾರು ಇರುವುದು ಕೈರಂಪಣಿಯವರಿಗೆ. ಆ ಬಲೆಯನ್ನು ಎಳೆಯುವುದು ದಡದಲ್ಲಿ ನಿಂತು, ಹತ್ತಾರು ಜನ ಎರಡು ಸಾಲಾಗಿ ಹಗ್ಗ ಹಿಡಿದು. ಅದಕ್ಕೆ ಉದ್ದಕ್ಕೂ ಮರಳು ಬೇಕು. ಬಂಡೆಯ ಮೇಲೆ ಎಳೆದರೆ ಮೀನಿಗಿಂತ ಮೊದಲು ಬಲೆ ಹರಿಯುತ್ತದೆ, ಕಾಲು ಜಾರಿದರೆ ಮೊಣಕಾಲಿನ ಚಿಪ್ಪು. ನಾಡದೋಣಿ ಎಳೆದಿಡಲೂ ಜಾಗವಿಲ್ಲ. ರಕ್ಷಣಾ ಕಾಮಗಾರಿ ಪೂರ್ಣಗೊಂಡ ಊರಿನಲ್ಲಿ ದೋಣಿಯವನು ದೋಣಿ ಇಡಲು ಕೊರೆತ ಇರುವ ಪಕ್ಕದ ಊರು ಹುಡುಕಬೇಕು. ಆ ಊರಿನ ಎಸ್ಟಿಮೇಟೂ ತಯಾರಾಗುತ್ತಿರುತ್ತದೆ, ಚಿಂತೆ ಬೇಡ.

ಅವನ ಮನೆಗೆ ಸಿಗುವುದು ಮರಳು ತುಂಬಿದ ಚೀಲ. ಮನೆ ಬಿದ್ದರೆ ಪರಿಹಾರದ ಅರ್ಜಿ. ಪಹಣಿಯಲ್ಲಿ ಮಾತ್ರ ಜಾಗ ಕೊರೆಯುವುದಿಲ್ಲ. ತೆಂಗಿನಮರದ ಬುಡದ ಮೇಲೆ ಬಂಗುಡೆ ಓಡಾಡುತ್ತಿದ್ದರೂ ಅಲ್ಲಿ ಅಷ್ಟೂ ಸೆಂಟ್ಸ್ ಭದ್ರವಾಗಿ ಇರುತ್ತದೆ.

ಕ್ರಯಪತ್ರಗಳಲ್ಲೂ ಹಾಗೇ. ಚಕ್ಕುಬಂದಿಯಲ್ಲಿ ‘ಪಶ್ಚಿಮಕ್ಕೆ ಅರಬ್ಬೀ ಸಮುದ್ರ’ ಎಂದಿರುವುದನ್ನು ಬೆಂಗಳೂರಿನಿಂದ ಬಂದ ಗಿರಾಕಿಗಳು ಬೆರಳಿಟ್ಟು ಓದಿ ಪುಳಕಗೊಳ್ಳುತ್ತಾರೆ. ಒಬ್ಬರಿಗೆ ಮಾತ್ರ ಯಾಕೋ ಅನುಮಾನ ಬಂದು, ಬೇರು ಬಿಟ್ಟುಕೊಂಡು ಮಲಗಿದ್ದ ಗಾಳಿಮರವೊಂದನ್ನು ತೋರಿಸಿ, “ಇಲ್ಲಿ ಕಡಲ್ಕೊರೆತ ಇದೆಯೇನ್ರೀ?” ಎಂದು ಕೇಳಿದರು. ಬ್ರೋಕರ್ ಲುಂಗಿ ಎತ್ತಿ ಕಟ್ಟಿ, ಮರವನ್ನು ದಾಟಿ ಬಂದು ಸಮಾಧಾನ ಹೇಳಿದ:

“ಅದಕ್ಕೆಲ್ಲ ತಲೆಬಿಸಿ ಮಾಡ್ಬೇಡಿ ಮಾರಾಯ್ರೇ. ನಾವು ಕಲ್ಲು ಹಾಕಿಸಿಕೊಡ್ತೇವೆ. ಪಕ್ಕದ ಸೈಟು ಹೇಗೂ ಖಾಲಿ ಉಂಟು, ಕೊರೆತ ಅಲ್ಲಿಗೆ ಹೋಗ್ತದೆ.”