ಯವಸುರಾ ಮೂಲ್ಯ ಮೀಮಾಂಸೆ

ಗ್ರಂಥಾರಂಭದಲ್ಲಿ ಇಷ್ಟದೇವತೆಯನ್ನು ಸ್ತುತಿಸುವುದು ಶಿಷ್ಟಾಚಾರ. ಆದರೆ ಪ್ರಕೃತ ಪ್ರಬಂಧದ ವಸ್ತು ಮದ್ಯವಾದುದರಿಂದ, ಯಾವ ದೇವತೆಯ ಹೆಸರನ್ನೆತ್ತಿದರೂ ಆ ದೇವತೆಯ ಭಕ್ತಮಂಡಳಿಯವರು ಮನನೊಂದು ಮನವಿಪತ್ರ ಹಿಡಿದು ಬರುವ ಸಂಭವವುಂಟು. ಪ್ರಾಚೀನ ಸುಮೇರಿಯದ ಜನರಿಗೆ ಬಿಯರಿನ ಅಧಿದೇವತೆಯಾಗಿ ನಿಂಕಾಸಿ ಎಂಬಾಕೆಯಿದ್ದಳು. ಆಕೆಯ ಭಕ್ತರಲ್ಲಿ ಈಗ ಮೊಕದ್ದಮೆ ಹೂಡುವಷ್ಟು ಚೈತನ್ಯವುಳ್ಳವರು ಯಾರೂ ಉಳಿದಿಲ್ಲವಾದುದರಿಂದ ಆಕೆಗೇ ಕೈಮುಗಿದು ಮುಂದುವರಿಯುವೆನು.

ವಿಷಯ

ಬೆಂಗಳೂರಿನ ಇಂದಿರಾನಗರ, ವೈಟ್‌ಫೀಲ್ಡ್, ವಿಠ್ಠಲ ಮಲ್ಯ ರಸ್ತೆ ಮೊದಲಾದ ಕ್ಷೇತ್ರಗಳಲ್ಲಿ ಸುಮಾರು 2010ರಿಂದೀಚೆಗೆ ತಲೆಯೆತ್ತಿರುವ ಮೈಕ್ರೋಬ್ರೂವರಿಗಳೆಂಬ ಪಾನಶಾಲೆಗಳಲ್ಲಿ, ಗಿರಾಕಿಯ ಕಣ್ಣೆದುರಿಗೇ ಗಾಜಿನ ಗೋಡೆಯಾಚೆ ಕುದಿಸಿ, ಹುದುಗೆಬ್ಬಿಸಿ, ನಲ್ಲಿಯಿಂದ ಬಸಿದು ಕೊಡುವ ಕ್ರಾಫ್ಟ್ ಬಿಯರೆಂಬ ಯವಸುರೆಯು ತಾನು ಕೇಳುವ ಬೆಲೆಗೆ ತಕ್ಕುದೋ ಅಲ್ಲವೋ ಎಂಬುದೇ ಇಲ್ಲಿನ ಸಂಶಯ. ಈ ಶಾಸ್ತ್ರಕ್ಕೆ ಅಧಿಕಾರಿಯು ತಿಂಗಳ ಮೊದಲ ವಾರದಲ್ಲಿರುವ ಸಂಬಳಗಾರ. ಕೊನೆಯ ವಾರದಲ್ಲಿ ಅದೇ ಮನುಷ್ಯನಿಗೆ ವೈರಾಗ್ಯ ತಾನಾಗಿಯೇ ಪ್ರಾಪ್ತವಾಗುವುದರಿಂದ ಅವನಿಗೆ ಶಾಸ್ತ್ರದ ಅಪೇಕ್ಷೆಯಿಲ್ಲ.

ಪೂರ್ವಪಕ್ಷ

ಮಿತವ್ಯಯವಾದಿಗಳು ಹೀಗೆನ್ನುವರು: ಒಂದು ದೊಡ್ಡ ಲೋಟಕ್ಕೆ ಮುನ್ನೂರು ನಾನೂರು ರೂಪಾಯಿ ಕೇಳುವ ಈ ವ್ಯವಹಾರವು ಶುದ್ಧಾಂಗವಾಗಿ ಅನ್ಯಾಯ. ಆ ಹಣಕ್ಕೆ ಗಾಂಧಿಬಜಾರಿನಲ್ಲಿ ಮೂವರು ಮಸಾಲೆದೋಸೆ ತಿಂದು, ಕಾಫಿ ಕುಡಿದು, ನಾಲ್ಕನೆಯವನನ್ನು ನಿಂದಿಸುತ್ತ ಒಂದು ಗಂಟೆ ಕುಳಿತಿರಬಹುದು. ಅಲ್ಲದೆ ಬೆಲ್ಜಿಯಂ ರೀತಿಯ ಗೋಧಿ ಬಿಯರಿಗೆ ಹಾಕುವ ಧನಿಯಾ ನಮ್ಮ ಅಡಿಗೆಮನೆಯ ಡಬ್ಬಿಯಲ್ಲಿಯೇ ಇದೆ; ಅದಕ್ಕೇ ಹಾಕುವ ಕಿತ್ತಳೆಯ ಸಿಪ್ಪೆಯನ್ನು ನಾವು ಗೊಜ್ಜಿಗೆ ಬಳಸಿ ಉಳಿದುದನ್ನು ಬೀದಿಗೆಸೆಯುತ್ತೇವೆ. ಜರ್ಮನಿಯ ರೀತಿಯದರ ಅವಸ್ಥೆ ಇನ್ನೂ ಶೋಚನೀಯ: ಅದರಲ್ಲಿ ಬಾಳೆಹಣ್ಣಿನ ಪರಿಮಳವೂ ಲವಂಗದ ಪರಿಮಳವೂ ಇದೆಯೆಂದು ಮಾಣಿಯು ಕಣ್ಣರಳಿಸಿ ಹೇಳುವನು, ವಿಚಾರಿಸಿದರೆ, ಅದಕ್ಕೆ ಬಾಳೆಹಣ್ಣನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ, ಆ ಎರಡು ವಾಸನೆಗಳೂ ಯೀಸ್ಟ್ ತಾನೇ ಹುಟ್ಟಿಸಿದುವೆಂದು ತಿಳಿದುಬರುವುದು. ಹಾಕದ ಪದಾರ್ಥಕ್ಕೆ ಹಣ ಕೇಳುವುದು ಯಾವ ಧರ್ಮ?

ಪ್ರಮಾಣ ಪರೀಕ್ಷೆ

ಆಕ್ಷೇಪವು ಪ್ರಬಲವಾದುದರಿಂದ ಪ್ರಮಾಣಗಳಿಂದಲೇ ಪರಿಶೀಲಿಸತಕ್ಕದ್ದು. ಮೊದಲನೆಯದು ಪ್ರತ್ಯಕ್ಷ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಸುಮಾರು 65 ಡಿಗ್ರಿ ಕಾವಿನ ನೀರಿನಲ್ಲಿ ನೆನೆಸಿದರೆ ಅದರ ಪಿಷ್ಟವು ಸಕ್ಕರೆಯಾಗಿ ಪರಿಣಮಿಸುವುದು. ಆ ಸಿಹಿಗಂಜಿಯನ್ನು ಸೋಸಿ, ಬಹುಮಟ್ಟಿಗೆ ಹಡಗೇರಿ ಬರುವ ಹಾಪ್ಸ್ ಎಂಬ ಕಹಿಹೂವಿನೊಡನೆ ಒಂದು ಗಂಟೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿಟ್ಟರೆ ಏಲ್ ಜಾತಿಯದು ಎರಡು ಮೂರು ವಾರಗಳಲ್ಲಿಯೂ, ತಣ್ಣಗೆ ಮಲಗಿರಲು ಬಯಸುವ ಲಾಗರ್ ಜಾತಿಯದು ಅದಕ್ಕಿಂತ ನಿಧಾನವಾಗಿಯೂ ಸಿದ್ಧವಾಗುವುದು. ಅಷ್ಟು ದಿನವೂ ಆ ಉಕ್ಕಿನ ಕೊಳಗವು ಇಂದಿರಾನಗರದ ನೆಲದ ಮೇಲೆ ಬಾಡಿಗೆ ತೆರುತ್ತ ಸುಮ್ಮನೆ ನಿಂತಿರುತ್ತದೆ. ದೊಡ್ಡ ಕಾರ್ಖಾನೆಯು ಲಕ್ಷಾಂತರ ಸೀಸೆಗಳಿಗೆ ಹಂಚುವ ಖರ್ಚನ್ನು ಇದು ಕೆಲವು ಸಾವಿರ ಲೋಟಗಳಿಗೆ ಹಂಚಬೇಕು. ಆದರೆ ಗಿರಾಕಿಗೆ ಪ್ರತ್ಯಕ್ಷವಾಗುವುದು ಇದಾವುದೂ ಅಲ್ಲ. ಗಾಜಿನಾಚೆ ಏನೂ ಅಲುಗಾಡದು. ಬೆಳಗಿದ ಕೊಳಗದ ಹೊಟ್ಟೆಯ ಮೇಲೆ ಅವನಿಗೆ ಕಾಣುವುದು ಉಬ್ಬಿಕೊಂಡ ತನ್ನದೇ ಮುಖ.

ಎರಡನೆಯದು ಅನುಮಾನ. ಪರ್ವತದಲ್ಲಿ ಹೊಗೆಯಿದ್ದರೆ ಬೆಂಕಿಯಿದೆಯೆಂದು ತಾರ್ಕಿಕರು ಊಹಿಸುವಂತೆ, ಗಾರೆ ಬಳಿಯದ ಇಟ್ಟಿಗೆಗೋಡೆಯೂ ಮುಸುಕಿಲ್ಲದೆ ತೂಗುವ ವಿದ್ಯುದ್ದೀಪವೂ ಎಲ್ಲಿರುವುವೋ ಅಲ್ಲಿ ಬೆಲೆ ಹೆಚ್ಚಾಗಿರುವುದು ಎಂಬ ವ್ಯಾಪ್ತಿಯನ್ನು ಸ್ಥಾಪಿಸಬಹುದು. ಚಾಮರಾಜಪೇಟೆಯ ಗೃಹಸ್ಥನ ಮನೆಯಲ್ಲಿ ಅಂತಹ ಗೋಡೆ ಕಂಡರೆ, ಪಾಪ, ಮಗಳ ಮದುವೆಯಲ್ಲಿ ಕೈ ಬರಿದಾಯಿತೆಂದು ನೆಂಟರು ಮರುಗುವರು. ಇಲ್ಲಿಯಾದರೋ ಗಾರೆ ಬಳಿಯದಿರುವುದಕ್ಕೇ ವಾಸ್ತುಶಿಲ್ಪಿಗೆ ಸಂಭಾವನೆ ಸಲ್ಲುತ್ತದೆ. ಬಿಲ್ಲಿನ ರಚನೆಯೂ ವಿಚಾರಾರ್ಹ. ಕುಡಿಯುವ ಮದ್ಯವನ್ನು ಸಂವಿಧಾನವೇ ಜಿಎಸ್‌ಟಿಯಿಂದ ಹೊರಗಿಟ್ಟಿರುವುದರಿಂದ ಅದಕ್ಕೆ ರಾಜ್ಯದ ಅಬಕಾರಿ ಸುಂಕ, ಪಕ್ಕದ ತಟ್ಟೆಯ ಮಸಾಲೆ ಕಡಲೆಬೀಜಕ್ಕೆ ಜಿಎಸ್‌ಟಿ. ಎಂತಹ ಕಟ್ಟಾ ಅದ್ವೈತಿಯೂ ಆ ಮೇಜಿನಿಂದ ದ್ವೈತಿಯಾಗಿಯೇ ಏಳಬೇಕು.

ಮೂರನೆಯದು ಶಬ್ದ, ಅಂದರೆ ಆಪ್ತವಾಕ್ಯ. ಬವೇರಿಯದ ಡ್ಯೂಕ್ ನಾಲ್ಕನೆಯ ವಿಲ್ಹೆಲ್ಮನು ತನ್ನ ತಮ್ಮನೊಡಗೂಡಿ 1516ರಲ್ಲಿ ಹೊರಡಿಸಿದ ಶಾಸನವು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇವುಗಳ ಹೊರತು ಬೇರೇನನ್ನೂ ಹಾಕಕೂಡದೆಂದು ವಿಧಿಸಿತು. ದುಡಿಯುವ ಯೀಸ್ಟಿನ ಹೆಸರೇ ಅದರಲ್ಲಿಲ್ಲ; ಆ ಸೂಕ್ಷ್ಮಜೀವಿಯ ಸೇವೆ ಲೋಕಕ್ಕೆ ಮನವರಿಕೆಯಾಗಲು ಲೂಯಿ ಪಾಶ್ಚರನು ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿಬಂದು, 1876ರಲ್ಲಿ ಬಿಯರನ್ನು ಕುರಿತೇ ಒಂದು ಗ್ರಂಥ ಬರೆಯಬೇಕಾಯಿತು. ಈ ಶಾಸನದ ಕೀರ್ತಿಯನ್ನು ಬಿಯರು ತಯಾರಕರು ಇಂದಿಗೂ ಹಾಡುವರು. ಆದರೆ ಅದೇ ಶಾಸನವು ಬೆಲೆಯನ್ನೂ ಕಟ್ಟಿತ್ತೆಂಬುದನ್ನು, ಚಳಿಗಾಲದಲ್ಲಿ ಒಂದು ಮಾಸ್ ಅಳತೆಗೆ ಒಂದು ಫೆನಿಂಗನ್ನೂ ಬೇಸಿಗೆಯಲ್ಲಿ ಎರಡನ್ನೂ ಮೀರಕೂಡದೆಂದು ಆಜ್ಞಾಪಿಸಿತ್ತೆಂಬುದನ್ನು ನೆನೆಯುವವರು ವಿರಳ. ಪದಾರ್ಥದ ವಾಕ್ಯವನ್ನು ವಿಧಿಯೆಂದೂ ಬೆಲೆಯ ವಾಕ್ಯವನ್ನು ಬರಿಯ ಹೊಗಳಿಕೆಯಾದ ಅರ್ಥವಾದವೆಂದೂ ವಿಂಗಡಿಸುವ ಈ ಕೌಶಲಕ್ಕೆ ಮೀಮಾಂಸಾಸೂತ್ರಕಾರನಾದ ಜೈಮಿನಿಯೂ ತಲೆದೂಗಿಯಾನು.

ಬ್ಯಾಬಿಲೋನಿನ ಹಮ್ಮುರಬಿಯ ಶಾಸನ ಇನ್ನೂ ಕಠಿಣ. ಪಾನಗೃಹದೊಡತಿಯು ಧಾನ್ಯವನ್ನು ಒಲ್ಲೆನೆಂದು ಬೆಳ್ಳಿಯನ್ನು ಬೇಡಿ, ಅಳತೆಯಲ್ಲಿ ಗಿರಾಕಿಗೆ ಮೋಸಮಾಡಿದಳೆಂದು ಸಿದ್ಧವಾದರೆ ಅವಳನ್ನು ನೀರಿಗೆ ಎಸೆಯತಕ್ಕದ್ದು. ಈ ದಂಡವನ್ನು ಬೆಂಗಳೂರಿನಲ್ಲಿ ಜಾರಿಗೆ ತರುವುದು ಕಷ್ಟ. ಸಮೀಪದ ಬೆಳ್ಳಂದೂರು ಕೆರೆಯು ನೊರೆಯ ವಿಷಯದಲ್ಲಿ ಯಾವ ಬಿಯರಿಗೂ ಕಡಮೆಯದಲ್ಲವಾದುದರಿಂದ ದಂಡಿತರು ಅದನ್ನು ಬಹುಮಾನವೆಂದು ಭ್ರಮಿಸಬಹುದು.

ನಮ್ಮ ಕೌಟಿಲ್ಯನು ಹೆಚ್ಚು ಉದಾರಿ. ಒಂದು ದ್ರೋಣ ನೀರಿಗೆ ಅರ್ಧ ಆಢಕ ಅಕ್ಕಿಯನ್ನೂ ಮೂರು ಪ್ರಸ್ಥ ಕಿಣ್ವವನ್ನೂ ಬೆರೆಸಿ ಮೇದಕವೆಂಬ ಅಕ್ಕಿಯ ಸುರೆಯನ್ನು ಮಾಡುವ ಕ್ರಮವನ್ನು ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ತಿಳಿಸಿ, ಪಾನಶಾಲೆಯಲ್ಲಿ ಹಲವು ಕೊಠಡಿಗಳೂ ಬೇರೆಬೇರೆ ಆಸನಗಳೂ ಗಂಧ, ಹೂಮಾಲೆ, ನೀರುಗಳೂ ಇದ್ದು ಎಲ್ಲ ಋತುಗಳಲ್ಲಿಯೂ ಅದು ಸುಖಕರವಾಗಿರಬೇಕೆಂದು ವಿಧಿಸುವನು. ಅಂದಮೇಲೆ ಕುಳಿತ ಜಾಗಕ್ಕೂ ಹಣ ತೆರುವ ಪದ್ಧತಿ ಹೊರದೇಶದಿಂದ ಬಂದುದಲ್ಲ. ಅಲ್ಲಿ ಯಾರು ತಮ್ಮ ಯೋಗ್ಯತೆಗೆ ಮೀರಿ ಖರ್ಚುಮಾಡುತ್ತಿರುವರೆಂಬುದನ್ನು ಗೂಢಚಾರರು ಗಮನಿಸಬೇಕೆಂದೂ ಅವನು ಹೇಳಿರುವನು. ಈಗ ಆ ಕಾರ್ಯವನ್ನು ಜಂಟಿ ಖಾತೆಯಿದ್ದವರ ವಿಷಯದಲ್ಲಿ ಬ್ಯಾಂಕಿನ ಸಂದೇಶವೇ ನಿರ್ವಹಿಸುತ್ತಿದೆ. ಗಂಡ ಲೋಟ ಕೆಳಗಿಡುವ ಮುನ್ನ ವರದಿ ಮನೆ ಸೇರಿರುತ್ತದೆ.

ಕಡೆಯದು ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತನು ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥವಷ್ಟೆ. ಆ ದೇವದತ್ತನೇ ಈಗ ಪ್ರತಿ ಶನಿವಾರವೂ ಬಿಲ್ಲನ್ನು ನೋಡಿ ಹಣೆ ಚಚ್ಚಿಕೊಂಡು, ಮುಂದಿನ ಶನಿವಾರ ಅದೇ ಬಾಗಿಲಲ್ಲಿ ಸಾಲು ನಿಂತಿರುವನು. ಆದುದರಿಂದ ಅವನಿಗೆ ಕಣ್ಣಿಗೆ ಕಾಣದ ಯಾವುದೋ ಫಲವುಂಟೆಂದು ಕಲ್ಪಿಸಲೇಬೇಕು. ಯಾಗಕ್ಕೂ ಸ್ವರ್ಗಕ್ಕೂ ನಡುವೆ ಅಪೂರ್ವವೆಂಬ ಶಕ್ತಿ ಕಾದು ನಿಲ್ಲುವಂತೆ, ಶನಿವಾರ ತೆತ್ತ ಹಣವು ಸೋಮವಾರ ಕಚೇರಿಯಲ್ಲಿ ಫಲಿಸುವುದು: “ಅಲ್ಲಿನ ಐಪಿಎ ಪರವಾಗಿಲ್ಲ ಕಣ್ರೀ, ಆದರೆ ಹಾಪ್ಸ್ ಸ್ವಲ್ಪ ಮುಂದೆ ಬಂದುಬಿಟ್ಟಿದೆ” ಎಂದು ಪಕ್ಕದ ಮೇಜಿನವರಿಗೆ ಹೇಳುವ ಹಕ್ಕು ಸೀಸೆಯ ಬಿಯರಿನಿಂದ ಲಭಿಸದು.

ಸಿದ್ಧಾಂತ

ಇಷ್ಟು ಪರೀಕ್ಷಿಸಿದ ಮೇಲೆಯೂ ನಿರ್ಣಯವು ಏಕೆ ಜಾರುವುದೆಂಬುದಕ್ಕೆ ಕಾರಣವು ವಸ್ತುವಿನಲ್ಲಿಯೇ ಇದೆ. ಲೋಕದ ಇತರ ಪ್ರಮೇಯಗಳೆಲ್ಲ ಪ್ರಮಾತೃವಿನ ಹೊರಗೆ ನಿಂತು ತಮ್ಮನ್ನು ಅಳೆಯಿಸಿಕೊಳ್ಳುತ್ತವೆ. ಇದೊಂದು ಮಾತ್ರ ಅಳೆಯುವವನ ಒಳಹೊಕ್ಕು ಅಳತೆಗೋಲನ್ನೇ ಬಾಗಿಸುತ್ತದೆ. ಕುಡಿಯದವನಿಗೆ ರುಚಿ ತಿಳಿಯದು, ಕುಡಿದವನಿಗೆ ಬೆಲೆ ತಿಳಿಯದು. ಎರಡೂ ತಿಳಿದಿರುವ ಅವಧಿಯೆಂದರೆ ಮೊದಲ ಲೋಟದ ಮೊದಲ ಗುಟುಕಿನಿಂದ ಅದರ ತಳ ಕಾಣುವವರೆಗಿನದು. ಆಗ ನಾಲಗೆಯು ಎಚ್ಚತ್ತಿರುವುದು, ಇಲ್ಲದ ಬಾಳೆಹಣ್ಣನ್ನೂ ಇರುವ ಕಹಿಯನ್ನೂ ಬೇರೆ ಬೇರೆಯಾಗಿ ಗುರುತಿಸುವುದು. ವಾರಗಟ್ಟಲೆ ಕೊಳಗದಲ್ಲಿ ನಡೆದ ಕೆಲಸಕ್ಕೆ ಆ ಹಣ ಸಲ್ಲತಕ್ಕುದೇ ಎಂದು ಬುದ್ಧಿಯೂ ಒಪ್ಪುವುದು. ಎರಡನೆಯ ಲೋಟದಲ್ಲಿ ಬಿಯರು ಅದೇ, ಬೆಲೆಯೂ ಅದೇ, ನಾಲಗೆ ಮಾತ್ರ ಅದೇ ಅಲ್ಲ. ಅಲ್ಲಿ ಅರ್ಧ ಹಣ ವ್ಯರ್ಥ. ಮೂರನೆಯದಕ್ಕೆ ಅಂಗಡಿಯ ಸೀಸೆಯನ್ನೇ ಬಗ್ಗಿಸಿ ಕೊಟ್ಟರೂ ದೇವದತ್ತನು ಹಾಪ್ಸನ್ನು ಹೊಗಳಿಯಾನು.

ಆದುದರಿಂದ ಕ್ರಾಫ್ಟ್ ಬಿಯರು ಒಂದು ಲೋಟದಮಟ್ಟಿಗೆ ತನ್ನ ಬೆಲೆಗೆ ತಕ್ಕುದು, ಅನಂತರ ತಕ್ಕುದಲ್ಲ ಎಂಬುದೇ ಸಿದ್ಧಾಂತ. ಜಿಜ್ಞಾಸುವಾದವನು ಮೊದಲ ಲೋಟ ಮುಗಿಯುವುದರೊಳಗಾಗಿ ತನ್ನ ತೀರ್ಪನ್ನು ಒಂದು ಚೀಟಿಯಲ್ಲಿ ಬರೆದು, ತಾನು ಎಷ್ಟು ಬೇಡಿಕೊಂಡರೂ ತಿದ್ದಲು ಹಿಂದಿರುಗಿಸಕೂಡದೆಂಬ ಷರತ್ತಿನ ಮೇಲೆ ಅದನ್ನು ಮಾಣಿಯ ವಶಕ್ಕೆ ಕೊಟ್ಟಿರತಕ್ಕದ್ದು. ಪ್ರತಿಯೊಂದು ಉತ್ಸರ್ಗಕ್ಕೂ ಅಪವಾದವುಂಟಾದುದರಿಂದ, ಬಿಲ್ಲನ್ನು ಎದುರಿಗೆ ಕುಳಿತವರು ಕೊಡುವುದಾದಲ್ಲಿ ಚೀಟಿಯ ಅವಶ್ಯಕತೆಯಿಲ್ಲ.