ಹೆಜ್ಜೆ ತಪ್ಪುವ ಮೋಟಾರು

ಹವ್ಯಾಸಿಗಳ ಸಿಎನ್‌ಸಿ ಯಂತ್ರದ ಸ್ಟೆಪ್ಪರ್ ಮೋಟಾರು ಸಾಮಾನ್ಯವಾಗಿ ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಹೆಜ್ಜೆಗೆ 1.8 ಡಿಗ್ರಿ. ಶಿಸ್ತೇನೋ ಮೆಚ್ಚತಕ್ಕದ್ದೇ. ಆದರೆ ನಡುವೆ ನಾಲ್ಕು ತಪ್ಪಿದರೆ ಬಾಯಿ ಬಿಡುವುದಿಲ್ಲ. ಕಂಟ್ರೋಲರ್ ಎಲ್ಲ ಸರಿಯಿದೆಯೆಂದೇ ನಂಬಿರುತ್ತದೆ. ಇತ್ತ ಹಲಗೆಯ ಮೇಲೆ ಗಣಪತಿಯ ಸೊಂಡಿಲು ಕಿವಿಯಲ್ಲಿ ಹೋಗಿ ಮುಗಿದಿರುತ್ತದೆ.

ನಿಂತಲ್ಲೇ ಗುರುಗುಟ್ಟಿ ನಡುಗುತ್ತಿದೆಯೇ? ವೈರು ನೋಡಿ. ನಾಲ್ಕು ವೈರು, ಎರಡು ಜೋಡಿ. ಅದಲುಬದಲಾದರೆ ಕುಣಿತವೇ ಹೊರತು ನಡಿಗೆಯಿಲ್ಲ. ಜೋಡಿ ಹುಡುಕಲು ಜಾತಕ ಬೇಡ: ಮೋಟಾರನ್ನು ಬೋರ್ಡಿನಿಂದ ಕಳಚಿ, ಎರಡು ತುದಿ ತಾಗಿಸಿ ಶಾಫ್ಟ್ ತಿರುಗಿಸಿ. ಬಿಗಿಯಾದರೆ ಅವೆರಡೂ ದಂಪತಿ.

ವೈರು ಸರಿಯಿದ್ದೂ ಹೆಜ್ಜೆ ತಪ್ಪುತ್ತಿದ್ದರೆ, ಡ್ರೈವರಿನ ಕರೆಂಟ್ ಏರಿಸುವ ಮುನ್ನ ಕಪ್ಲರಿನ ಸ್ಕ್ರೂ ಮುಟ್ಟಿ ನೋಡಿ. ಎಷ್ಟೋ ಸಲ ಕಳ್ಳ ಅಲ್ಲೇ ಇರುತ್ತಾನೆ. ಮೋಟಾರು ಬಿಸಿಯೆಂದು ಗಾಬರಿ ಬೇಡ, ಅದು ಅದರ ಜಾಯಮಾನ. ಆದರೆ ಪವರ್ ಇರುವಾಗ ಮಾತ್ರ ಅದರ ವೈರು ಕೀಳಬೇಡಿ, ಡ್ರೈವರ್ ಸುಟ್ಟೀತು.